ಮುರಫುಶಿಯಿಂದ ಕೊಳಫರುವಿಗೆ ಇಪ್ಪತ್ತೈದು ನಿಮಿಷ

ದೋಹಾದ ಮದೀನತ್ ಖಲೀಫಾದ ಗಲ್ಲಿಯಲ್ಲಿ ರಾಫೆಲ್ ಕ್ವಾಡ್ರಸ್ ಎದುರಾದರೆ ಜನ ಮೊದಲು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಪುರುಸೊತ್ತು ಇದ್ದರೆ ಸರಿ. ಇಲ್ಲದವರು "ಹೇಗಿದ್ದೀರಿ ರಾಫೆಲ್ ಬಾಬ್?" ಎಂದು ಬಾಯಿತಪ್ಪಿಯೂ ಕೇಳಬಾರದು. ಕೇಳಿದರೋ, ಮುಗಿಯಿತು. "ನಾವು ಆರಾಮ ಮಾರಾಯ್ರೆ. ಮೆಲಿಸ್ಸಾ ಇವತ್ತು ನಾಲ್ಕು ಟ್ರಿಪ್ ಹೊಡೆದಳು, ಗೊತ್ತುಂಟಾ?" ಎಂದು ಶುರುವಾದರೆ, ಕೈಯಲ್ಲಿದ್ದ ಮೀನಿನ ಚೀಲದಿಂದ ನೀರು ತೊಟ್ಟಿಕ್ಕಿ ಚಪ್ಪಲಿ ಒದ್ದೆಯಾಗುವವರೆಗೂ ಬಿಡುಗಡೆ ಇರಲಿಲ್ಲ. ಬೇಜಾರು ಮಾಡಿಕೊಂಡವರು ಮಾತ್ರ ಕಡಿಮೆ. ಒಬ್ಬಳೇ ಮಗಳು, ಅದೂ ವಿಮಾನ ಹಾರಿಸುವವಳು. ಇಂಥ ಅಪ್ಪ ಕೊಚ್ಚಿಕೊಳ್ಳದೆ ಇನ್ನಾರು ಕೊಚ್ಚಿಕೊಳ್ಳಬೇಕು?

ರಾಫೆಲ್ ಶಿರ್ವದ ಕಡೆಯವರು. ಮೀಸೆ ಸರಿಯಾಗಿ ಮೂಡುವ ಮೊದಲೇ ಕತಾರಿಗೆ ಬಂದು, ನಜ್ಮಾ ಬಡಾವಣೆಯ ಹಂಚಿಕೆಯ ಕೋಣೆಯೊಂದರಲ್ಲಿ ಮೇಲಿನ ಮಂಚ ಹಿಡಿದು, ಅಲ್ಲಿಂದಲೇ ಬದುಕು ಕಟ್ಟಿದವರು. ಈಗ ಅಲ್ ರಯ್ಯಾನ್‌ನ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ನಕ್ಷೆಗಳ ಉಸ್ತುವಾರಿ. ಹೊಸ ನಕ್ಷೆ ಬಂದರೆ ಸೀಲು ಹೊಡೆದು ಸೈಟಿಗೆ ಕಳಿಸಬೇಕು, ಹಳೆಯದನ್ನು ವಾಪಸು ತರಿಸಬೇಕು. ಹೆಂಡತಿ ಎಡ್ನಾ ಬಾಯಿ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ದೊಡ್ಡ ವಿಲ್ಲಾವೊಂದನ್ನು ಗೋಡೆ ಹಾಕಿ ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರಲ್ಲ, ಅದರ ಒಂದು ತುಂಡಿನಲ್ಲಿ ಇವರ ಸಂಸಾರ. ಮನೆಮಾತು ಕೊಂಕಣಿ, ಇಲ್ಲಿ ಅದನ್ನು ಕನ್ನಡದಲ್ಲಿ ಹೇಳದೆ ವಿಧಿಯಿಲ್ಲ.

ಮೆಲಿಸ್ಸಾ ಹುಟ್ಟಿದ್ದು ದೋಹಾದಲ್ಲೇ. ಚರ್ಚಿನ ಪೂಜೆಯಲ್ಲಿ ತೂಕಡಿಸುವ ಮಗು ಹೊರಗೆ ವಿಮಾನದ ಸದ್ದಾದರೆ ಮಾತ್ರ ಕಣ್ಣರಳಿಸುತ್ತಿತ್ತು. ಹೈಸ್ಕೂಲು ಮುಗಿಸಿ, "ನಾನು ಪೈಲಟ್ ಆಗ್ತೇನೆ" ಎಂದು ಅವಳು ಊಟದ ಮೇಜಿನಲ್ಲಿ ಹೇಳಿದಾಗ ಎಡ್ನಾ ಬಾಯಿ ಎತ್ತಿದ ತುತ್ತು ಕೈಯಲ್ಲೇ ಉಳಿಯಿತು. ಊರಿನ ನೆಂಟರು ಫೋನಿನಲ್ಲಿ, "ಹುಡುಗಿಗೆ ಬೇರೆ ಕೆಲಸ ಸಿಕ್ಕಲಿಲ್ವಾ?" ಎಂದರು. ರಾಫೆಲ್ ಒಂದು ರಾತ್ರಿಯಿಡೀ ಹೊರಳಾಡಿ, ಬೆಳಿಗ್ಗೆ ಮಗಳ ಕೋಣೆಯ ಬಾಗಿಲು ತಟ್ಟಿ ಹೇಳಿದ್ದು ಎರಡೇ ಮಾತು, ಮೊದಲನೆಯದು 'ನಡಿ' ಎಂಬರ್ಥದ ಅರಬಿ: "ಯಲ್ಲಾ, ಕಲಿ."

ಕಲಿತಳು. ಕಲಿತು ಮುಗಿಸುವ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಹೊಸಬರಿಗೆ ಬಾಗಿಲು ಹಾಕಿದ್ದವು. ಕೊನೆಗೆ ಮಾಲ್ಡೀವ್ಸ್‌ನಲ್ಲಿ ದ್ವೀಪದಿಂದ ದ್ವೀಪಕ್ಕೆ ಪುಟ್ಟ ವಿಮಾನ ಓಡಿಸುವ ಸಣ್ಣ ಕಂಪನಿಯೊಂದು ಸಹಪೈಲಟ್ ಕೆಲಸ ಕೊಟ್ಟಿತು. ಮುರಫುಶಿ ಎಂಬ ದ್ವೀಪದಿಂದ ಕೊಳಫರು ಎಂಬ ಇನ್ನೊಂದು ದ್ವೀಪಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಹದಿನೈದು ಸೀಟು, ಎರಡು ರೆಕ್ಕೆ, ಎರಡು ಫ್ಯಾನು. ಪೈಲಟ್ ಕೂರುವ ಜಾಗಕ್ಕೂ ಪ್ಯಾಸೆಂಜರ್ ಕೂರುವ ಜಾಗಕ್ಕೂ ನಡುವೆ ಬಾಗಿಲು ಸಹ ಇಲ್ಲ.

ಬಾಗಿಲಿಲ್ಲ ಎಂಬ ಸಂಗತಿ ರಾಫೆಲ್ ಅವರ ತಲೆಗೆ ಹೊಕ್ಕಿದ್ದೇ ಹೊಕ್ಕಿದ್ದು, ಅವರಿಗೊಂದು ಆಸೆ ಅಂಟಿಕೊಂಡಿತು. ಮೊದಲ ಸಾಲಿನಲ್ಲಿ ಕೂರಬೇಕು. ಮಗಳು ವಿಮಾನ ಎತ್ತುವಾಗ ಹಿಂದಿನಿಂದ ಅವಳ ಜಡೆ, ಅವಳ ಭುಜ, ಅವಳ ಕೈ ನೋಡಬೇಕು. ಜೀವನದಲ್ಲಿ ಒಂದು ಸಲ, ಅಷ್ಟೇ. ಇದನ್ನು ಅವರು ಎಡ್ನಾ ಬಾಯಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಇಷ್ಟು ಮಾತಾಡುವ ಮನುಷ್ಯ, ಇದೊಂದನ್ನು ಮಾತ್ರ ಒಳಗೇ ಇಟ್ಟುಕೊಂಡಿದ್ದರು.

ಆಫೀಸಿನಲ್ಲಿ ಮೈಸೂರಿನ ಯಜ್ಞೇಶ್ ಎಂಬ ಎಂಜಿನಿಯರ್ ಇದ್ದ. ಒಳ್ಳೆಯ ಮನುಷ್ಯನೇ, ನಾಲಿಗೆ ಮಾತ್ರ ಸುಮ್ಮನಿರುವ ಜಾತಿಯದಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ರಾಫೆಲ್ ಕಂಪ್ಯೂಟರಿನಲ್ಲಿ ಆ ಎರಡು ದ್ವೀಪಗಳ ನಡುವಿನ ದೂರ ಹುಡುಕಿದರು. ಯಾವುದೋ ಜಾಲತಾಣ ಥಟ್ಟನೆ ಉತ್ತರ ಕೊಟ್ಟಿತು: ನೂರಹನ್ನೆರಡು ಕಿಲೋಮೀಟರ್, ಹಾರಾಟದ ಅವಧಿ ಇಪ್ಪತ್ತೈದು ನಿಮಿಷ, ಕಾರಿನಲ್ಲಿ ಹೋಗಲು ಸಾಧ್ಯವಿಲ್ಲ. ರಾಫೆಲ್ ಅದನ್ನು ಪ್ರಿಂಟ್ ತೆಗೆದು ಮೇಜಿನೆದುರು ಗೋಡೆಗೆ ಅಂಟಿಸಿದರು.

ಯಜ್ಞೇಶ್ ಬಂದು ಓದಿದ. "ಏನ್ರೀ ರಾಫೆಲ್, ಇಪ್ಪತ್ತೈದೇ ನಿಮಿಷಾನಾ? ನಜ್ಮಾದಲ್ಲಿ ಬಸ್ಸಿಗೆ ಕಾಯೋಕೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ! ನೂರ್ ಚಿಲ್ರೆ ಕಿಲೋಮೀಟರ್ ಅಂದ್ರೆ ನಮ್ಮ ಕಡೆ ಜನ ಬಸ್ಸಲ್ಲಿ ನಿಂತ್ಕೊಂಡೇ ಹೋಗ್ತಾರೆ!"

ಸುತ್ತಲಿದ್ದವರು ಗೊಳ್ಳೆಂದರು. ರಾಫೆಲ್ ಅವರ ಕಿವಿ ಕೆಂಪಾಯಿತು. "ನಿಂತುಕೊಂಡು ಹೋಗಿ ಮಾರಾಯ, ಬೇಡ ಅಂದವರು ಯಾರು? ಸಮುದ್ರದ ಮೇಲೆ ನಿಂತುಕೊಂಡು ಹೋಗಿ!" ಎಂದು ಗದರಿ ಡಬ್ಬಿ ಮುಚ್ಚಿದರು. ಮಾತಿನಲ್ಲೇನೋ ಗೆದ್ದರು. ಒಳಗೊಳಗೇ ಅವರಿಗೂ ಅದೇ ಕೊರಗು. ದೊಡ್ಡ ವಿಮಾನ ಹಾರಿಸಿಕೊಂಡು ದೋಹಾಕ್ಕೇ ಬಂದಿಳಿಯಬೇಕಾದ ಮಗಳು ಎಲ್ಲೋ ತೆಂಗಿನ ತೋಟದಷ್ಟಗಲದ ದ್ವೀಪಗಳ ನಡುವೆ ಓಡಾಡಿಕೊಂಡಿದ್ದಾಳಲ್ಲ ಎಂದು.

ಹೀಗಿರುವಾಗ ಒಂದು ಭಾನುವಾರ ಮೆಲಿಸ್ಸಾ ಫೋನು ಮಾಡಿದಳು.

"ಪಪ್ಪಾ, ಪರೀಕ್ಷೆ ಎಲ್ಲ ಪಾಸಾಯ್ತು. ನನಗೆ ಕ್ಯಾಪ್ಟನ್ ಕೊಟ್ರು. ಬರುವ ಶುಕ್ರವಾರ ನನ್ನ ಫಸ್ಟ್ ಫ್ಲೈಟ್. ಮುರಫುಶಿಯಿಂದ ಕೊಳಫರು. ಬರ್ತೀರಾ?"

ಎಡ್ನಾ ಬಾಯಿ ಫೋನು ಕಸಿದುಕೊಂಡು, "ಬರ್ತಾರೆ, ಬರ್ತಾರೆ, ಈಗ ಅಳ್ತಾ ಇದ್ದಾರೆ" ಎಂದರು. ಶಾಲೆಯಲ್ಲಿ ಪರೀಕ್ಷೆಯ ಸಮಯ, ಅವರಿಗೆ ರಜೆ ಇಲ್ಲ. ಸಣ್ಣ ವಿಮಾನವೆಂದರೆ ಅವರಿಗೆ ಪುಕ್ಕಲು ಬೇರೆ.

"ಪಪ್ಪಾ, ಒಂದು ವಿಷಯ," ಎಂದಳು ಮಗಳು. "ನಿಮ್ಮದು ಸ್ಟಾಫ್ ಪಾಸ್. ಜಾಗ ಇದ್ರೆ ಮಾತ್ರ ಸೀಟು. ಇಳಿಸ್ಲಿಕ್ಕೆ ಬಂದ್ರೆ ಮೊದಲು ಪಾಸಿನವರನ್ನೇ ಇಳಿಸುದು."

"ಕ್ಯಾಪ್ಟನ್ನಿನ ಅಪ್ಪನನ್ನು ಇಳಿಸುವವನು ಯಾರು, ನೋಡುವ!" ಎಂದು ರಾಫೆಲ್ ನಕ್ಕರು.

ಶನಿವಾರ ರಾತ್ರಿಯೊಳಗೆ ದೋಹಾಕ್ಕೆ ಮರಳಲೇಬೇಕು, ಭಾನುವಾರ ಅಲ್ಲಿ ಕೆಲಸದ ದಿನ, ಆಫೀಸಿಗೆ ಹೊರಗಿನವರು ತಪಾಸಣೆಗೆ ಬರುವವರಿದ್ದರು. ಹಾಗಾಗಿ ಸಿಗುವುದು ಆ ಒಂದೇ ಹಾರಾಟ. ಮೆಲಿಸ್ಸಾಳ ವಿಮಾನ ಕೊಳಫರುವಿಗೆ ಹೋಗಿ, ಮುಂದೆ ಬೇರೆ ದ್ವೀಪಗಳನ್ನು ಸುತ್ತಿ, ಎಲ್ಲೋ ರಾತ್ರಿ ತಂಗುತ್ತದೆ. ಅವಳ ಜತೆ ಹಾರಿ ಕೊಳಫರುವಿನಲ್ಲಿ ಇಳಿದು, ಸಂಜೆಯ ಬೇರೆ ವಿಮಾನ ಹಿಡಿದು ರಾಜಧಾನಿ ಮಾಲೆಗೆ, ಮಾಲೆಯಿಂದ ಮನೆಗೆ. ಲೆಕ್ಕ ಹಾಕಿ ರಜೆ ಬರೆದುಕೊಟ್ಟರು.

ಇನ್ನು ರಾಫೆಲ್ ತೊಟ್ಟು ಹೊರಟ ಕೋಟಿನ ವಿಷಯ. ಗಲ್ಫಿನಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಮಾನದಲ್ಲಿ ಪೆಟ್ಟಿಗೆಯನ್ನು ತೂಗುತ್ತಾರೆ, ಮನುಷ್ಯನನ್ನು ತೂಗುವುದಿಲ್ಲ. ಪೆಟ್ಟಿಗೆ ತುಂಬಿದ ಮೇಲೆ ಉಳಿದದ್ದನ್ನು ಮೈಮೇಲೆ ಹಾಕಿಕೊಂಡು ಹೋಗುವುದು. ಊರಿಗೆ ಹೊರಟ ಗಂಡಸು ಬೇಸಿಗೆಯ ಉರಿಯಲ್ಲೂ ಕೋಟು ತೊಟ್ಟು, ದಾರಿಯುದ್ದಕ್ಕೂ ಬೆವರು ಒರೆಸಿಕೊಳ್ಳುವುದನ್ನು ನೋಡಿದರೆ ಸಾಕು, ಕಿಸೆಯಲ್ಲಿ ಏನೇನಿದೆ ಎಂದು ಇನ್ನೊಬ್ಬ ಗಲ್ಫಿನವನು ಊಹಿಸಿಬಿಡುತ್ತಾನೆ. ರಾಫೆಲ್ ಅವರ ಕೋಟಿಗೆ ನಜ್ಮಾದ ದರ್ಜಿಯೊಬ್ಬ ಒಳಗೆಲ್ಲ ಕಿಸೆಗಳನ್ನು ಹೊಲಿದುಕೊಟ್ಟಿದ್ದ. ಎಷ್ಟೋ ವರ್ಷಗಳಿಂದ ಅದು ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಎಡ್ನಾ ಬಾಯಿ ಮೂರು ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎರಡು ಬಗೆಯ ಚಕ್ಕುಲಿ, ನೆವ್ರಿ ಎಂಬ ಕರ್ಜಿಕಾಯಿ, ಬಾಫಾತ್ ಮಸಾಲೆಯ ಪುಡಿ, ಮಾವಿನ ಮಿಡಿ, ಒಣ ಸಿಗಡಿಯ ಚಟ್ನಿ, ಒಂದು ಬಾಟಲಿ ತುಪ್ಪ. ಪೆಟ್ಟಿಗೆ ತುಂಬಿತು. ಉಳಿದದ್ದೆಲ್ಲ ಕೋಟಿಗೆ ಹೋಯಿತು, ಮೇಲಿಂದ ಖರ್ಜೂರ.

"ಇಷ್ಟೆಲ್ಲ ಯಾಕೆ ಎಡ್ನಾ?"

"ಅವಳು ಕ್ಯಾಪ್ಟನ್ ಆದಳು. ಅವಳ ಆಫೀಸಿನವರಿಗೆ ಬಾಯಿ ಸಿಹಿ ಮಾಡ್ಬೇಡ್ವಾ? ನಿಮ್ಮ ಬರೀ ಕೈ ನೋಡಿ ಅವರು ಎಂತ ಹೇಳುದು?"

ಗುರುವಾರ ದೋಹಾ ಬಿಟ್ಟ ರಾಫೆಲ್ ಶುಕ್ರವಾರ ಬೆಳಿಗ್ಗೆ ಮಾಲೆಯಿಂದ ಇನ್ನೊಂದು ವಿಮಾನ ಹತ್ತಿ ಮುರಫುಶಿಗೆ ಬಂದಿಳಿದರು. ಕೋಟು ಎಲ್ಲೂ ಸಿಕ್ಕಿಬೀಳಲಿಲ್ಲ. ವಿಮಾನ ನಿಲ್ದಾಣವೆಂದರೆ ಹಂಚಿನ ಒಂದು ಕಟ್ಟಡ, ಒಂದು ಬೇಲಿ, ಬೇಲಿಯಾಚೆ ನೆಟ್ಟಗೆ ಸಮುದ್ರದವರೆಗೆ ಹೋದ ರನ್‌ವೇ. ಅಲ್ಲಿ ಮೆಲಿಸ್ಸಾ ನಿಂತಿದ್ದಳು, ಭುಜದ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ. ರಾಫೆಲ್ ಅವಳನ್ನು ತಬ್ಬಿಕೊಳ್ಳಲು ಕೈ ಚಾಚಿ, ಸಮವಸ್ತ್ರ ಸುಕ್ಕಾದೀತೆಂದು ಹೆದರಿ ತಲೆಯನ್ನಷ್ಟೇ ಮುಟ್ಟಿದರು.

"ಪಪ್ಪಾ, ಈ ಸೆಕೆಯಲ್ಲಿ ಕೋಟಾ?"

"ಕ್ಯಾಪ್ಟನ್ನಿನ ಅಪ್ಪ ಅಲ್ವಾ? ಸ್ವಲ್ಪ ಸ್ಟೈಲ್ ಬೇಡ್ವಾ?"

ಅವಳು ನಕ್ಕು ವಿಮಾನದ ಕಡೆಗೆ ನಡೆದಳು. ನಡಿಗೆ ಬೇರೆಯೇ ಆಗಿತ್ತು. ರಾಫೆಲ್ ಮೊದಲ ಸಾಲಿನಲ್ಲಿ ಕೂತರು. ಎದುರಿಗೆ, ಕೈಗೆ ಎಟುಕುವಷ್ಟು ಹತ್ತಿರ, ಮಗಳ ಜಡೆ. ಹಿಂದೆ ಒಬ್ಬ ಬಾಣಂತಿ ಎಳೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಿಂಬದಿಯಲ್ಲಿ ಕೊಳಫರುವಿನ ಆಸ್ಪತ್ರೆಗೆ ಆಮ್ಲಜನಕದ ಸಿಲಿಂಡರ್‌ಗಳನ್ನು ಕಟ್ಟಿದ್ದರು. ರಾಫೆಲ್ ಬೆಲ್ಟು ಬಿಗಿದುಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ಇಷ್ಟು ಸಂತೋಷವನ್ನು ಅವರು ತಡೆದುಕೊಂಡಿದ್ದೇ ದೊಡ್ಡದು.

ಆಗ ಎದುರಿನ ರೇಡಿಯೋ ಗೊಣಗಿತು. ಮೆಲಿಸ್ಸಾ ಕಿವಿಗೊಟ್ಟು ಕೇಳಿ, ಪಕ್ಕದ ಸಹಪೈಲಟ್ ಜತೆ ಏನೋ ಮಾತಾಡಿ, ಎದ್ದು ಪ್ರಯಾಣಿಕರ ಕಡೆಗೆ ತಿರುಗಿದಳು. ಕೊಳಫರುವಿನಲ್ಲಿ ಜೋರು ಮಳೆ ಸುರಿದಿದೆ. ಅಲ್ಲಿನ ರನ್‌ವೇ ಗಿಡ್ಡ, ಈಗ ನೀರು ನಿಂತಿದೆ. ಒದ್ದೆಯಲ್ಲಿ ವಿಮಾನ ನಿಲ್ಲಿಸಲು ಜಾಸ್ತಿ ಜಾಗ ಬೇಕು, ಹಾಗಾಗಿ ಭಾರ ಕಡಿಮೆ ಇರಬೇಕು. ತಲೆಗಿಷ್ಟು ಎಂದು ಹಿಡಿಯುವ ಅಂದಾಜಿನ ತೂಕ ಇವತ್ತು ನಡೆಯುವುದಿಲ್ಲ. ದಯವಿಟ್ಟು ಎಲ್ಲರೂ ಇಳಿದು ಒಬ್ಬೊಬ್ಬರಾಗಿ ತೂಕದ ಯಂತ್ರದ ಮೇಲೆ ನಿಲ್ಲಿ.

ರಾಫೆಲ್ ಕೋಟನ್ನು ಎರಡೂ ಕೈಯಿಂದ ಎಳೆದು ಮುಚ್ಚಿಕೊಂಡರು. ಮನುಷ್ಯನನ್ನು ತೂಗುವುದೆಂದರೇನು? ಇದೆಲ್ಲಿಯ ಪದ್ಧತಿ! ಸಾಲಿನ ಕೊನೆಗೆ ಹೋಗಿ ನಿಂತರು. ಸಾಲು ಕರಗಿ ಅವರ ಸರದಿ ಬಂದೇ ಬಂತು. ಪೆಟ್ಟಿಗೆಗಳನ್ನು ತೂಗುವ ಹಲಗೆಯ ಮೇಲೆ ಕಾಲಿಟ್ಟರು. ನಿಲ್ದಾಣದ ಮ್ಯಾನೇಜರ್ ಅಂಕಿ ನೋಡಿ, ಅವರ ಮುಖ ನೋಡಿ, ಮತ್ತೆ ಅಂಕಿ ನೋಡಿದ. "ಅಂಕಲ್, ನೋಡಲು ಸಣಕಲು ಇದ್ದೀರಲ್ಲ?"

ಬೇರೆ ದಾರಿಯಿರಲಿಲ್ಲ. ರಾಫೆಲ್ ಕೋಟಿನ ಗುಂಡಿ ಬಿಚ್ಚಿದರು. ಮೇಜಿನ ಮೇಲೆ ಬಾಫಾತ್ ಪುಡಿ ಬಂತು, ಖರ್ಜೂರ ಬಂತು, ಒಣ ಸಿಗಡಿಯ ಚಟ್ನಿ ಬಂತು, ಚಕ್ಕುಲಿಯ, ನೆವ್ರಿಯ ಡಬ್ಬಿಗಳು ಬಂದವು. ಒಂದೊಂದು ಹೊರಬಂದಾಗಲೂ ಸಾಲಿನಲ್ಲಿ ನಗು. ರಾಫೆಲ್ ತಲೆ ಎತ್ತಲಿಲ್ಲ. ದೋಹಾದಲ್ಲಿ ಇದೊಂದು ಜಾಣತನ, ಎಲ್ಲರೂ ಮೆಚ್ಚುವ ಜಾಣತನ. ಇಲ್ಲಿ ಅದೇ ಜಾಣತನದಿಂದ ಮಗಳ ವಿಮಾನಕ್ಕೆ ಕಳ್ಳಭಾರ ಹೊತ್ತು ತಂದಿದ್ದರು. ಯಾರೋ ಪೈಲಟ್, ಯಾರೋ ಕಂಪನಿ ಎಂದು ಅಂದುಕೊಳ್ಳುವ ಹಾಗಿರಲಿಲ್ಲ. ಮುಂದೆ ಕೂತು ಹಾರಿಸುವವಳು ತಮ್ಮದೇ ಮಗು. ನಾಚಿಕೆಯಿಂದ ಅವರ ಮೈ ಹಿಡಿಯಷ್ಟಾಯಿತು.

ಕೋಟು ಬಿಟ್ಟು ಮತ್ತೆ ತೂಗಿದರು. ಮ್ಯಾನೇಜರ್ ಎಲ್ಲ ಕೂಡಿಸಿ ನೋಡಿ ತಲೆ ಕೆರೆದುಕೊಂಡ. ಇನ್ನೂ ಜಾಸ್ತಿಯೇ ಇತ್ತು. ಜನರ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿದರೂ ಒಬ್ಬರನ್ನಾದರೂ ಇಳಿಸಬೇಕಾಗುವಷ್ಟು ಭಾರ ಹೆಚ್ಚಿಗೆ ಉಳಿಯಿತು. ಸಿಲಿಂಡರ್ ಬಿಡುವಂತಿಲ್ಲ, ಆಸ್ಪತ್ರೆಯವರು ಬೆಳಿಗ್ಗೆಯಿಂದ ಕಾಯುತ್ತಿದ್ದಾರೆ. ಉಳಿದವರದೆಲ್ಲ ಟಿಕೆಟ್ಟು, ರಾಫೆಲ್ ಒಬ್ಬರದೇ ಪಾಸು.

ಮ್ಯಾನೇಜರ್ ಒಳ್ಳೆಯ ಮನಸ್ಸಿನವನು. ಮೆಲಿಸ್ಸಾಳ ಹತ್ತಿರ ಬಂದು ದನಿ ತಗ್ಗಿಸಿದ. "ಕ್ಯಾಪ್ಟನ್, ಇವತ್ತು ನಿಮ್ಮ ಮೊದಲ ದಿನ. ಅವರು ದೋಹಾದಿಂದ ಬಂದಿದ್ದಾರೆ. ತೂಕದ ಹಾಳೆಯಲ್ಲಿ ಅವರನ್ನು ಮಗು ಅಂತ ಬರೆಯುತ್ತೇನೆ. ಲೆಕ್ಕ ಕೂಡುತ್ತದೆ. ಯಾರು ಕೇಳುತ್ತಾರೆ?"

ರಾಫೆಲ್ ಇದನ್ನು ಕೇಳಿಸಿಕೊಂಡರು. ನಿಜ ಹೇಳಬೇಕೆಂದರೆ ಅವರಿಗೆ ಆಸೆಯಾಯಿತು. ಹೂಂ ಅನ್ನು ಮಗಾ, ಹೂಂ ಅನ್ನು, ಬರೀ ಇಪ್ಪತ್ತೈದು ನಿಮಿಷ ಎಂದು ಮನಸ್ಸು ಚೀರಿತು. ಈಗ ಹತ್ತದಿದ್ದರೆ ಮತ್ತೆ ಯಾವ ಕಾಲಕ್ಕೋ.

"ಬೇಡ," ಎಂದಳು ಮೆಲಿಸ್ಸಾ. "ಹಾಳೆಗೆ ಹಗುರ ಆದರೆ ವಿಮಾನಕ್ಕೆ ಹಗುರ ಆಗುವುದಿಲ್ಲ."

ಅಪ್ಪನ ಎದುರು ಬಂದು ನಿಂತಳು. ಅಷ್ಟು ಜನರ ಮುಂದೆ, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಸರ್, ಕ್ಷಮಿಸಿ. ಈ ವಿಮಾನದಲ್ಲಿ ನಿಮ್ಮನ್ನು ಕರೆದೊಯ್ಯಲು ಆಗುವುದಿಲ್ಲ."

ಸರ್! ಹೆತ್ತ ಮಗಳ ಬಾಯಲ್ಲಿ! ಒಂದು ಕ್ಷಣ ರಾಫೆಲ್ ಅವರಿಗೆ ಮೈಯೆಲ್ಲ ಉರಿಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಹಾಳೆಯ ಮೇಲೆ ಕಣ್ಣು ಬಿತ್ತು. ಬಾಯಿ ಮುಚ್ಚಿ, ತಲೆಯಾಡಿಸಿ, ಕೋಟನ್ನು ತೋಳಿಗೆ ಹಾಕಿಕೊಂಡು ಬೇಲಿಯ ಈಚೆಗೆ ನಡೆದುಬಂದರು.

ಉಳಿದವರೆಲ್ಲ ಹತ್ತಿದರು. ಬಾಗಿಲು ಮುಚ್ಚಿತು. ವಿಮಾನ ಓಡಿತು, ಸಮುದ್ರ ಹತ್ತಿರ ಬಂದಾಗ ನೆಲ ಬಿಟ್ಟಿತು, ಮೋಡದ ಕಡೆಗೆ ಸಣ್ಣದಾಗುತ್ತ ಹೋಯಿತು. ರಾಫೆಲ್ ಬೇಲಿ ಹಿಡಿದು ನಿಂತೇ ಇದ್ದರು. ಪಕ್ಕದಲ್ಲಿ ಝೈನಬ ಎಂಬ ಮುದುಕಿ, ಆ ಬಾಣಂತಿಯ ಅತ್ತೆ, ತಸ್ಬಿಯ ಮಣಿ ಎಣಿಸುತ್ತ ನಿಂತಿದ್ದಳು. ಅರೆಬರೆ ಹಿಂದಿಯಲ್ಲಿ, "ನನ್ನ ಮೊಮ್ಮಗು ಅದರಲ್ಲಿದೆ" ಎಂದಳು. ಅವರು ಆಕಾಶ ತೋರಿಸಿ, "ನನ್ನ ಮಗಳೂ" ಎಂದರು. ಹಾರಿಸುವವಳು ಎಂದು ಕೈಸನ್ನೆಯಲ್ಲಿ ತಿಳಿಸಿದಾಗ ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮನ್ನೇ ಇಳಿಸಿದಳಾ?" ಎಂದು ಕೇಳಿದಳು.

"ನನ್ನನ್ನೇ," ಎಂದರು ರಾಫೆಲ್. ಹೇಳುವಾಗ ಅವರಿಗೇ ಗೊತ್ತಿಲ್ಲದಂತೆ ಬೆನ್ನು ನೆಟ್ಟಗಾಯಿತು.

ಮುದುಕಿ ಆಕಾಶದ ಕಡೆಗೆ ಎರಡೂ ಕೈ ಎತ್ತಿ ಅವಳ ಭಾಷೆಯಲ್ಲಿ ಏನೋ ಹರಸಿದಳು. ಸ್ವಂತ ಅಪ್ಪನಿಗೂ ಸಡಿಲ ಬಿಡದವಳ ಕೈಯಲ್ಲಿ ಮೊಮ್ಮಗು ಇದೆ ಎಂದು ಅವಳ ಮುಖ ಸಮಾಧಾನಗೊಂಡಿತ್ತು. ಆ ಸಮಾಧಾನ ನೋಡಿಯೇ ರಾಫೆಲ್ ಅವರಿಗೆ ಎಲ್ಲ ಅರ್ಥವಾಯಿತು. ದೊಡ್ಡ ವಿಮಾನವೇನು, ಸಣ್ಣದೇನು! ಜನ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಮೆಲಿಸ್ಸಾಳ ಬೆನ್ನ ಹಿಂದೆ ಕೂರುತ್ತಾರೆ. ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತು ಬರುವಂತಾಯಿತು.

ಹೆಮ್ಮೆ ಬಂದಷ್ಟೇ ಬೇಗ ಭಯವೂ ಬಂತು. ವಿಮಾನ ಹೋದ ದಕ್ಷಿಣದ ಕಡೆ ಮೋಡ ಕಪ್ಪಗಿತ್ತು. ಅವರು ಕಿಸೆಯಿಂದ ಜಪಮಾಲೆ ತೆಗೆದರು. ಈಚೆಗೆ ಇವರು, ಆಚೆಗೆ ಮುದುಕಿ, ಇಬ್ಬರ ತುಟಿಯೂ ಅಲ್ಲಾಡುತ್ತಿತ್ತು. ದೋಹಾದ ಮೂವತ್ತು ಬೇಸಿಗೆಗಳನ್ನು ಕಳೆದ ಮನುಷ್ಯನಿಗೆ ಆ ಇಪ್ಪತ್ತೈದು ನಿಮಿಷ ಕಳೆಯುವುದು ಕಷ್ಟವಾಯಿತು. ನಡುವೆ ಅವರು ನೆವ್ರಿಯ ಡಬ್ಬಿ ಬಿಚ್ಚಿ ಮುದುಕಿಗೆ ಕೊಟ್ಟರು. ಇಬ್ಬರೂ ಕೈಯಲ್ಲಿ ಹಿಡಿದುಕೊಂಡರೇ ಹೊರತು ತಿನ್ನಲಿಲ್ಲ.

ಕೊನೆಗೆ ಮ್ಯಾನೇಜರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಇಳಿಯಿತು ಅಂಕಲ್! ಸುರಕ್ಷಿತ!" ಮುದುಕಿ ನೆವ್ರಿಯನ್ನು ಒಂದೇ ಸಲ ಬಾಯಿಗಿಟ್ಟುಕೊಂಡಳು. ರಾಫೆಲ್ ಅಲ್ಲೇ ಮೆಟ್ಟಿಲ ಮೇಲೆ ಕೂತು ತಮ್ಮದನ್ನು ಕಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಫೋನು ಬಡಿದುಕೊಂಡಿತು.

"ಪಪ್ಪಾ."

"ಹೇಳು ಮಗಾ."

"ತುಂಬ ನೀರಿತ್ತು ಪಪ್ಪಾ. ಬ್ರೇಕ್ ಹಾಕಿದ್ರೂ ಜಾರ್ತಾ ಹೋಯ್ತು. ನಿಂತಾಗ ಮುಂದೆ ಜಾಗ ಸ್ವಲ್ಪವೇ ಉಳಿದಿತ್ತು." ಅವಳು ಉಸಿರು ಎಳೆದುಕೊಂಡಳು. "ನಿಮಗೆ ಕೋಪ ಬಂತಾ?"

"ಬಂತು. ಒಂದು ಚೂರು ಬಂತು. ಈಗ ಇಲ್ಲ. ಈಗ ಎಷ್ಟು ಖುಷಿ ಉಂಟು ಅಂತ ನಿನಗೆ ಹೇಳ್ಲಿಕ್ಕೆ ನನಗೆ ಬರುದಿಲ್ಲ."

ಆಚೆ ಕಡೆ ದನಿ ಒಡೆಯಿತು. "ನಿಮಗೆ ಇಳಿಯಿರಿ ಅಂತ ಹೇಳುವಾಗ ನನ್ನ ಕೈ ನಡುಗ್ತಾ ಇತ್ತು ಪಪ್ಪಾ. ಎಲ್ಲರಿಗೂ ಕಾಣ್ತಾ ಇತ್ತು ಅಲ್ವಾ?"

"ಯಾರಿಗೂ ಕಾಣಲಿಲ್ಲ."

"ನಿಮಗೆ?"

ರಾಫೆಲ್ ಕ್ವಾಡ್ರಸ್ ಅಂಗೈಯಿಂದ ಕಣ್ಣು ಒರೆಸಿಕೊಂಡರು. "ನನಗೆ ಕಂಡಿತು ಮಗಾ," ಎಂದರು. "ಅದಕ್ಕೇ ನಾನು ಒಂದು ಮಾತೂ ಆಡದೆ ಇಳಿದದ್ದು."